ಬ್ಯಾಂಕು, ಇಬ್ಬರು ಮಕ್ಕಳು, ಮೂರು ಪಾಳಿ: ವೀಣೆಗೆ ದಿನಕ್ಕೆ 40 ನಿಮಿಷ ಎಲ್ಲಿಂದ ತೆಗೆಯೋದು?

ಸಂಜೆಮಲ್ಲಿಗೆ ಕೇಳಿದ್ದು:

ಊರು ಮೈಸೂರು. ಬ್ಯಾಂಕ್ ಕೆಲಸ. ಬೆಳಗ್ಗೆ 9.15ಕ್ಕೆ ಮನೆ ಬಿಟ್ಟರೆ ವಾಪಸು ಬರೋದು ಸಂಜೆ 6ಕ್ಕೆ. ಮಕ್ಕಳಿಗೆ 8 ವರ್ಷ ಮತ್ತು 3 ವರ್ಷ. ದೊಡ್ಡವಳ ವ್ಯಾನು 8.10ಕ್ಕೆ. ಯಜಮಾನರಿಗೆ ನಂಜನಗೂಡಿನ ಕಡೆ ಕಾರ್ಖಾನೆಯಲ್ಲಿ ಮೂರು ಪಾಳಿ (6-2, 2-10, 10-6), ವಾರಕ್ಕೊಮ್ಮೆ ಬದಲು. ಅತ್ತೆ ಜೊತೆಗಿದ್ದಾರೆ, 68 ವರ್ಷ, ಮಂಡಿನೋವು. ಚಿಕ್ಕವನು ಮಧ್ಯಾಹ್ನ 4ರ ತನಕ ಮಲಗ್ತಾನೆ, ರಾತ್ರಿ ಕಣ್ಣು ಮುಚ್ಚೋದು 10.30ಕ್ಕೆ. ಬೆಳಗ್ಗೆ ತಿಂಡಿ ಬೇರೆ, ಡಬ್ಬಿಗೆ ಬೇರೆ. ವಾರದಲ್ಲಿ ಮೂರು ದಿನವಾದರೂ ದೋಸೆ.

ಬೇಕಾಗಿರೋದು ದಿನಕ್ಕೆ 40 ನಿಮಿಷ, ವಾರಕ್ಕೆ ನಾಲ್ಕು ದಿನವಾದರೂ ಸಾಕು. ಸಂಗೀತದ ಸೀನಿಯರ್ ಪರೀಕ್ಷೆ ಮುಗಿದ ವೀಣೆ, ಏಳು ವರ್ಷದಿಂದ ಗವಸಿನಲ್ಲೇ ಇದೆ. ಹತ್ತತ್ತು ನಿಮಿಷದ ಚೂರು ದಿನವಿಡೀ ಸಿಗುತ್ತೆ, ಆದರೆ ಶ್ರುತಿ ಮಾಡೋಕೇ ಹತ್ತು ನಿಮಿಷ ಬೇಕು. "ನಾಲ್ಕು ಗಂಟೆಗೆ ಏಳಿ" ಅನ್ನೋದನ್ನ ಬಿಟ್ಟು ಬೇರೆ ಏನಾದರೂ ಹೇಳಿ.

ಲೆಕ್ಕದಪುಸ್ತಕ:

ನಾಲ್ಕು ಗಂಟೆಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮಗು ಮಲಗೋದು 10.30ಕ್ಕೆ, ಆಮೇಲೆ ಪಾತ್ರೆ, ನಾಳೆಯ ತಯಾರಿ. 11.15ಕ್ಕೆ ಮಲಗಿದವರು 4ಕ್ಕೆ ಎದ್ದರೆ ಸಿಗೋದು ಐದು ಗಂಟೆಯೂ ಇಲ್ಲ. ಅದು ಬಿಡುವಲ್ಲ, ಸಾಲ.

ಮೊದಲು ಮೂರು ದಿನ ಒಂದು ಲೆಕ್ಕ ಬರೆಯಿರಿ. ಕೆಲಸದ ಹೆಸರು ಮಾತ್ರ ಬರೆದರೆ ಪ್ರಯೋಜನವಿಲ್ಲ, ಎರಡು ಕಾಲಂ ಬೇಕು: ಕೆಲಸ ಒಟ್ಟು ಎಷ್ಟು ಹೊತ್ತು ನಡೀತು, ಅದರಲ್ಲಿ ನೀವು ಅಲ್ಲೇ ನಿಂತಿರಲೇಬೇಕಾಗಿದ್ದು ಎಷ್ಟು ಹೊತ್ತು. ಕುಕ್ಕರ್ 25 ನಿಮಿಷ, ನಿಂತಿದ್ದು 5. ಇಡ್ಲಿ 12 ನಿಮಿಷ, ನಿಂತಿದ್ದು 4. ದೋಸೆ? ಐದು ಜನಕ್ಕೆ ಕಡಿಮೆ ಅಂದ್ರೂ 14 ದೋಸೆ, ಒಂದಕ್ಕೆ 2 ನಿಮಿಷ, 28 ನಿಮಿಷ, ಅಷ್ಟೂ ಕಾವಲಿ ಮುಂದೆ. ಚಪಾತಿಯೂ ಅಷ್ಟೇ, ಹಿಟ್ಟು ಕಲಸೋದು ಬೇರೆ. ನಿಮ್ಮ 40 ನಿಮಿಷದಲ್ಲಿ ಮುಕ್ಕಾಲು ಪಾಲು ದೋಸೆ ಕಾವಲಿ ಮೇಲೇ ಇದೆ. ದೋಸೆಯನ್ನ ಭಾನುವಾರಕ್ಕೆ ತಳ್ಳಿ. ವಾರದ ದಿನಗಳಲ್ಲಿ ತಾನೇ ಬೇಯುವ ತಿಂಡಿ: ಇಡ್ಲಿ, ತಟ್ಟೆ ಇಡ್ಲಿ, ಬಿಸಿಬೇಳೆಬಾತ್, ಪೊಂಗಲ್, ಶ್ಯಾವಿಗೆ, ಗೊಜ್ಜು ಕಲಸಿದ ಅನ್ನ.

ಇನ್ನೊಂದು: ತಿಂಡಿ ಮತ್ತು ಡಬ್ಬಿ ಎರಡೂ ಒಂದೇ ಇರಲಿ. ಎರಡು ಮಾಡೋದ್ರಿಂದ ಒಲೆ ಹೊತ್ತು ಹೆಚ್ಚೋದಕ್ಕಿಂತ ತೊಳೆಯೋ ಪಾತ್ರೆ ಇಮ್ಮಡಿಯಾಗೋದೇ ದೊಡ್ಡ ನಷ್ಟ.

ಇದು ನಿಮ್ಮೊಬ್ಬರ ಅವ್ಯವಸ್ಥೆ ಅಂತ ಅಂದ್ಕೋಬೇಡಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರ ಸರಾಸರಿ ದಿನಕ್ಕೆ 299 ನಿಮಿಷ, ಅದೇ ಕೆಲಸ ಮಾಡುವ ಗಂಡಸರದ್ದು 97. 2024ರಲ್ಲಿ 289 ಮತ್ತು 88. ಹೆಂಗಸರಿಗೆ 10 ನಿಮಿಷ ಉಳೀತು ಅಂತ ಖುಷಿಪಡೋಣ ಅಂದ್ರೆ ಗಂಡಸರೂ 9 ನಿಮಿಷ ಉಳಿಸಿಕೊಂಡಿದ್ದಾರೆ.

ಹುಣಸೆಬೀಜ:

ಅಡುಗೆಮನೆ ಭಾಗ ಹೇಳ್ತೀನಿ. ಭಾನುವಾರ ಇಡೀ ವಾರದ ಅಡುಗೆ ಮಾಡಿಡೋದು ನಮ್ಮ ಊಟಕ್ಕೆ ಒಗ್ಗಲ್ಲ. ಭಾನುವಾರದ ಪಲ್ಯ ಗುರುವಾರ ಯಾರೂ ತಿನ್ನಲ್ಲ, ಭಾನುವಾರವೂ ಹೋಯ್ತು. ಅರ್ಧ ಕೆಲಸ ಮಾಡಿಡಬೇಕು. ವಾರಕ್ಕೆ ಒಂದೂವರೆ ಗಂಟೆ ಸಾಕು.

ಹಿಟ್ಟು: ಇಡ್ಲಿ ಅಕ್ಕಿ 4 ಲೋಟ, ಉದ್ದಿನಬೇಳೆ 1 ಲೋಟ, ಮೆಂತ್ಯ 1 ಟೀ ಚಮಚ. ಬೇಳೆ, ಅಕ್ಕಿ ಬೇರೆ ಬೇರೆ 5 ಗಂಟೆ ನೆನೆಯಲಿ. 2 ಲೀಟರ್ ಗ್ರೈಂಡರಿನಲ್ಲಿ ಉದ್ದು 25 ನಿಮಿಷ, ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕ್ತಾ. ಆಮೇಲೆ ಅಕ್ಕಿ ಸಣ್ಣ ರವೆಯಷ್ಟು ತರಿ ಇರೋ ಹಾಗೆ. ಐದು ಜನಕ್ಕೆ ಮೂರು ಬೆಳಗ್ಗೆಗೆ ಆಗುತ್ತೆ. ಎಲ್ಲರೂ ತಪ್ಪೋದು ಇಲ್ಲಿ: ಹುದುಗಿದ ಹಿಟ್ಟನ್ನ ಒಂದೇ ಪಾತ್ರೇಲಿಟ್ಟು ದಿನಾ ಹೊರಗೆ ತೆಗೆದು ಒಳಗೆ ಇಡ್ತಾರೆ. ಪ್ರತಿ ಸಲ ಬಿಸಿ ತಾಗಿ ಹುಳಿ ಏರುತ್ತೆ. ಮೂರು ಡಬ್ಬಿ ಮಾಡಿ, ಆ ದಿನದ್ದು ಮಾತ್ರ ಹೊರಗೆ ಬರಲಿ. ಮೊದಲೆರಡು ಡಬ್ಬಿ ಇಡ್ಲಿಗೆ. ಮೂರನೆಯದು ನಾಲ್ಕನೇ ದಿನ ಈರುಳ್ಳಿ, ಹಸಿಮೆಣಸು ಹಾಕಿ ಪಡ್ಡು. ಹುಳಿ ಬಂದ ಹಿಟ್ಟಿಗೆ ಅದೇ ಸರಿ.

ಕಾಯಿ: ಚಟ್ನಿ ರುಬ್ಬಿ ಫ್ರೀಜರಿನಲ್ಲಿಟ್ಟರೆ ಕರಗಿಸಿದಾಗ ನೀರು ಬೇರೆ, ತಿರುಳು ಬೇರೆ. ತುರಿಯನ್ನೇ ಜಿಪ್ ಚೀಲದಲ್ಲಿ ತೆಳ್ಳಗೆ ಹರವಿ ಇಡಿ, ಬೇಕಾದಷ್ಟು ಮುರಿದುಕೊಳ್ಳಬಹುದು, ತಿಂಗಳು ಬರುತ್ತೆ. ಬರೀ ಫ್ರಿಜ್ಜಿನಲ್ಲಾದ್ರೆ ಮೂರ್ನಾಲ್ಕು ದಿನಕ್ಕೆ ಲೋಳೆ ಬರುತ್ತೆ. ಹುಳಿಗೆ ರುಬ್ಬುವ ಮಸಾಲೆ ಮಾತ್ರ ಫ್ರೀಜರಿಗೆ ಒಗ್ಗುತ್ತೆ, ಹೇಗೂ ಕುದಿಸ್ತೀವಲ್ಲ. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಚೀಲಕ್ಕೆ ಹಾಕಿ. ಐದು ಜನರ ಹುಳಿಗೆ ನಾಲ್ಕು ತುಂಡು.

ಬೇಳೆ: ತೊಗರಿಬೇಳೆ ಕೆಲವು ದಿನ ಬೇಯದೆ ಎರಡು ಸಲ ಕುಕ್ಕರ್ ಇಡಬೇಕಾಗುತ್ತೆ, 20 ನಿಮಿಷ ದಂಡ. ಜೊತೆಗೆ ಟೊಮೇಟೊ ಹಾಕಿರ್ತೀರಿ, ಇಲ್ಲಾ ಬೋರ್ ನೀರು. ಹುಳಿಯೂ ಗಡಸು ನೀರೂ ಬೇಳೆ ಒಡೆಯೋಕೆ ಬಿಡಲ್ಲ. ಅರ್ಧ ಗಂಟೆ ನೆನೆಸಿ, ಕುಡಿಯುವ ನೀರಿನಲ್ಲಿ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ. ಟೊಮೇಟೊ, ಹುಣಸೆ ಎಲ್ಲಾ ಆಮೇಲೆ.

ಹೆಚ್ಚಿಡೋದು: ಹುರುಳಿಕಾಯಿ, ಕ್ಯಾರೆಟ್, ಕೋಸು, ಬೀಟ್‌ರೂಟ್ ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ 3 ದಿನ. ಬದನೆ, ಬಾಳೆಕಾಯಿ, ಆಲೂಗಡ್ಡೆ ಹೆಚ್ಚಿಡಬೇಡಿ, ಕಪ್ಪಾಗುತ್ತೆ. ಸೊಪ್ಪು ಬಿಡಿಸಿ, ತೊಳೆಯದೆ ಬಟ್ಟೆಯಲ್ಲಿ ಸುತ್ತಿಡಿ. ತೊಳೆದಿಟ್ಟರೆ ಮಾರನೇ ದಿನಕ್ಕೇ ಕೊಳೆಯುತ್ತೆ.

ಪುಳಿಯೋಗರೆ ಗೊಜ್ಜು, ಚಿತ್ರಾನ್ನದ ಮಾವಿನಕಾಯಿ ಗೊಜ್ಜು, ಟೊಮೇಟೊ ಗೊಜ್ಜು ಇವುಗಳಲ್ಲಿ ಯಾವುದಾದರೂ ಎರಡು ಸದಾ ಫ್ರಿಜ್ಜಿನಲ್ಲಿರಲಿ. ಆದರೆ ರಾತ್ರಿ ಅನ್ನವನ್ನ ಕಟ್ಟೆ ಮೇಲೆ ಬಿಟ್ಟು ಬೆಳಗ್ಗೆ ಮಗುವಿನ ಡಬ್ಬಿಗೆ ಕಲಸೋ ಅಭ್ಯಾಸ ಬೇಡ. ಅನ್ನ ಬೆಚ್ಚಗೆ ಕೂತಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಉಳಿಯೋ ಅನ್ನ ಆರಿದ ತಕ್ಷಣ, ಗಂಟೆ ಒಳಗೆ, ಅಗಲ ಡಬ್ಬಿಯಲ್ಲಿ ಫ್ರಿಜ್ಜಿಗೆ.

ಧಾರವಾಡದಾಕಿ:

ಇಡ್ಲಿ ಇಡ್ಲಿ ಅಂತೀರಲ್ಲ, ನಮ್ಮ ಕಡೆ ಇದಕ್ಕ ಹಳೇ ಉಪಾಯ ಐತಿ: ಕಟಕ ರೊಟ್ಟಿ. ಜ್ವಾಳದ್ದು, ಸಜ್ಜಿದು. ಒಂದ್ ಸಲ ಬಡದು ಒಣಗಿಸಿ ಬಟ್ಟ್ಯಾಗ ಸುತ್ತಿ ಇಟ್ರ ತಿಂಗಳಗಟ್ಲೆ ಕೆಡೂದಿಲ್ಲ, ನೀರಿನ ಪಸೆ ಮಾತ್ರ ತಾಗಬಾರ್ದು. ಮನ್ಯಾಗ ಬಡೀಲಿಕ್ಕೆ ಹೋಗಬ್ಯಾಡ್ರಿ, ಅದೂ ನಿಂತು ಮಾಡೂ ಕೆಲಸನ. ರೊಟ್ಟಿ ಮಾಡಿ ಮಾರೂ ಹೆಣ್ಮಕ್ಕಳ ಗುಂಪು ಈಗ ಮೈಸೂರಾಗೂ ಸಿಗ್ತಾವು. ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಸವತಿಕಾಯಿ, ರಾತ್ರಿ ಊಟ ಮುಗೀತು. ಒಲಿ ಹಚ್ಚೂದ ಬ್ಯಾಡ. ವಾರಕ್ಕ ಎರಡು ರಾತ್ರಿ ಹಿಂಗ ಮಾಡ್ರಿ. ಅತ್ತಿಯವರಿಗೆ ಹಲ್ಲಿಗೆ ಗಟ್ಟಿ ಆದ್ರ ಬಿಸಿ ಸಾರಿನ್ಯಾಗ ಮುರದು ಹಾಕಿ ಐದು ನಿಮಿಷ ಬಿಡ್ರಿ.

ಪಾಳಿಗಡಿಯಾರ:

ಅಡುಗೆಯಲ್ಲಿ ಉಳಿಸಿದ ಹೊತ್ತು ತಾನಾಗಿ ವೀಣೆಗೆ ಬರಲ್ಲ. ಕಾವಲಿ ಮುಂದಿಂದ ಬಿಡಿಸಿಕೊಂಡ 28 ನಿಮಿಷವನ್ನ ಬೇರೆ ಯಾರೂ ಕಾಯದಿದ್ದರೆ ಒಗೆದ ಬಟ್ಟೆ ತಿನ್ನುತ್ತೆ. ಆ 40 ನಿಮಿಷ ಮನೆಯಲ್ಲಿ ಇನ್ನೊಬ್ಬರು ಡ್ಯೂಟಿಯಲ್ಲಿ ಇರಬೇಕು. "ಸ್ವಲ್ಪ ನೋಡ್ಕೊಳ್ಳಿ" ಅಲ್ಲ, ಚಾರ್ಜ್ ಹಸ್ತಾಂತರ. ಕಾರ್ಖಾನೆಯವರಿಗೆ ಇದನ್ನ ಹೇಳಿಕೊಡಬೇಕಿಲ್ಲ, ಪಾಳಿ ಬಿಡುವಾಗ ಮುಂದಿನವನು ಬರದೆ ಮೆಷಿನ್ ಬಿಟ್ಟು ಹೋಗ್ತಾರಾ?

ಪಾಳಿ ಬದಲಾಗೋದ್ರಿಂದ ದಿನಾ ಒಂದೇ ಸಮಯ ಅನ್ನೋ ಆಸೆ ಬಿಡಿ. ಮೂರು ವಾರದ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿ.

6-2ರ ವಾರ: ಅವರು 3ರ ಹೊತ್ತಿಗೆ ಮನೆಯಲ್ಲಿ, ಒಂದು ಸಣ್ಣ ನಿದ್ದೆ ಆಗಿರುತ್ತೆ. ನೀವು 6ಕ್ಕೆ ಬಂದು ಕಾಫಿ ಕುಡಿದು 6.30ರಿಂದ 7.10. ಮಕ್ಕಳು ಅವರ ಜೊತೆ ಪಾರ್ಕಿಗೆ ಅಥವಾ ಹಾಲು ತರೋಕೆ ಹೋಗಲಿ. ಮಕ್ಕಳು ಮನೆಯಲ್ಲಿದ್ದು ನೀವು ಬಾಗಿಲು ಹಾಕಿಕೊಳ್ಳೋದಕ್ಕಿಂತ ಅವರು ಹೊರಗೆ ಹೋಗೋದು ಸುಲಭ. ಬಾಗಿಲ ಹಿಂದೆ ಅಮ್ಮ ಇದ್ದಾಳೆ ಅಂತ ಗೊತ್ತಿದ್ದರೆ 3 ವರ್ಷದವನು ಬಿಡಲ್ಲ.

2-10ರ ವಾರ: ಬರೋದು ರಾತ್ರಿ 11 ಆಗಬಹುದು. 6.40ರ ತನಕ ಮಲಗಿದರೂ ಅವರಿಗೆ 7 ಗಂಟೆ ನಿದ್ದೆ. ಹಾಗಾಗಿ ನಿಮ್ಮದು 6.45ರಿಂದ 7.25. ಎಬ್ಬಿಸೋದು, ಸ್ನಾನ, ಯೂನಿಫಾರ್ಮು, ಡಬ್ಬಿ ತುಂಬೋದು ಅವರದ್ದು. ಇಡ್ಲಿ ಪಾತ್ರೆ 7.10ಕ್ಕೆ ಹಚ್ಚೋದೂ ಅವರೇ. ಈ ವಾರ ನಡೀಬೇಕಾದರೆ ಹುಣಸೆಬೀಜ ಹೇಳಿದ ಡಬ್ಬಿಗಳು ರೆಡಿ ಇರಲೇಬೇಕು.

10-6ರ ವಾರ: ಬೆಳಗ್ಗೆ ಬಂದವರನ್ನ ಮುಟ್ಟಬೇಡಿ, ರಾತ್ರಿಪಾಳಿ ಮಾಡಿದವರ ಕೈಗೆ ಮಗು ಕೊಡೋದು ಅಪಾಯ. ಸಂಜೆ 6.30ರಿಂದ 7.10, ಅವರು 8.45ಕ್ಕೆ ಹೊರಡೋ ಮೊದಲು. ಸಿಗೋದು ಮೂರು ದಿನವಾದರೂ ಸರಿ.

ಇನ್ನು ಒಪ್ಪಿಸೋದು ಹೇಗೆ. ಒಂದು ಕೆಲಸದಲ್ಲಿ ಮೂರು ಪಾಲು: ಗಮನಕ್ಕೆ ಬರೋದು, ಏನು ಮಾಡಬೇಕಂತ ಯೋಚಿಸೋದು, ಕೈಯಾರೆ ಮಾಡೋದು. ಸಾಮಾನ್ಯವಾಗಿ ಗಂಡಸರಿಗೆ ಮೂರನೆಯದು ಮಾತ್ರ ಹೋಗುತ್ತೆ, ಮೊದಲೆರಡು ತಲೆಯಲ್ಲಿ ಕೂತು ವೀಣೆ ಹಿಡಿದಾಗಲೂ ಕುಟುಕ್ತಾ ಇರುತ್ತೆ. ಇಡೀ ಖಾತೆ ವರ್ಗಾಯಿಸಿ. ಉದಾಹರಣೆಗೆ ಶಾಲೆ ಖಾತೆ: ಡೈರಿ ಓದೋದು, ಬುಧವಾರದ ಬಿಳಿ ಯೂನಿಫಾರ್ಮು, ಚಾರ್ಟ್ ಪೇಪರ್, ವ್ಯಾನ್ ಫೀಸು, ಪೋಷಕರ ಸಭೆ. ಶಾಲೆಯ ದಾಖಲೆಯಲ್ಲಿ ಮೊದಲ ನಂಬರಾಗಿ ಅವರದ್ದನ್ನೇ ಹಾಕಿಸಿ, ವಾಟ್ಸಾಪ್ ಗುಂಪಿನಿಂದ ನೀವು ಹೊರಬನ್ನಿ. ಈ ಒಂದು ಮಾಡದಿದ್ದರೆ ಫೋನು ನಿಮಗೇ ಬರುತ್ತೆ, ಖಾತೆ ಕಾಗದದ ಮೇಲೆ ಮಾತ್ರ ಬದಲಾಗಿರುತ್ತೆ.

ಕೆಡೋದು ಎರಡನೇ ವಾರದಲ್ಲಿ. ಜಡೆ ಸೊಟ್ಟ ಇರುತ್ತೆ, ಬಿಳಿ ಸಾಕ್ಸ್ ಬದಲು ಕಪ್ಪು ಹೋಗಿರುತ್ತೆ. ನೀವು ಸರಿಮಾಡಿದ ಗಳಿಗೆಗೆ ಕೆಲಸ ವಾಪಸು ನಿಮ್ಮದು. ಮೊದಲೇ ಕೂತು ಕನಿಷ್ಠ ಮಟ್ಟ ಗೊತ್ತು ಮಾಡಿ: ಹೊಟ್ಟೆ ತುಂಬಿರಬೇಕು, ವ್ಯಾನು ತಪ್ಪಬಾರದು, ಔಷಧಿ ಮರೆಯಬಾರದು. ಸಾಕ್ಸಿನ ಬಣ್ಣ ಆ ಪಟ್ಟಿಯಲ್ಲಿಲ್ಲ.

ಸಂಜೆಮಲ್ಲಿಗೆ:

ಮೂರು ವಾರದ ಪಟ್ಟಿ ಹೊಳೆದೇ ಇರಲಿಲ್ಲ. ಮೂರು ಅನುಮಾನ. ಚಳಿಗಾಲದಲ್ಲಿ ಹಿಟ್ಟು ಉಬ್ಬಲ್ಲ, ಆಗ ಬೆಳಗ್ಗೆಯ ಯೋಜನೆ ಪೂರ್ತಿ ಕುಸಿಯುತ್ತೆ. ಅತ್ತೆಗೆ ಹೇಗೆ ಹೇಳೋದು, ಎಷ್ಟು ಹೇಳೋದು? ಚಿಕ್ಕವನ 10.30ಕ್ಕೆ ಏನು ಮಾಡಲಿ?

ಹುಣಸೆಬೀಜ:

ಹಿಟ್ಟಿಗೆ 28-30 ಡಿಗ್ರಿ ಹಿತ. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ರಾತ್ರಿ 16-17ಕ್ಕೆ ಇಳಿದಾಗ 10 ಗಂಟೆಯ ಹುದುಗು 16 ಗಂಟೆ ಕೇಳುತ್ತೆ. ರುಬ್ಬಿದ ಮೇಲೆ ಉಪ್ಪು ಹಾಕಿ ಕೈಯಲ್ಲಿ ಎರಡು ನಿಮಿಷ ಕಲಸಿ. ಪಾತ್ರೆಯನ್ನ ಬೆಚ್ಚಗಿನ ನೀರಿರೋ ಇನ್ನೊಂದು ದೊಡ್ಡ ಪಾತ್ರೆಯಲ್ಲಿಟ್ಟು ದಪ್ಪ ಟವೆಲ್ ಸುತ್ತಿ. ಓವನ್ ಇದ್ದರೆ ಒಳಗಿನ ದೀಪ ಮಾತ್ರ ಹಚ್ಚಿ ಇಡಿ. ಮುಖ್ಯ ಮಾತು: ಚಳಿಗಾಲದಲ್ಲಿ ಶನಿವಾರ ಸಂಜೆಯೇ ರುಬ್ಬಿ, ಭಾನುವಾರ ಉಬ್ಬಲು ಇಡೀ ದಿನವಿರುತ್ತೆ. ಭಾನುವಾರ ರಾತ್ರಿ ರುಬ್ಬಿ ಸೋಮವಾರ ಬೆಳಗ್ಗೆ ಇಡ್ಲಿ ಅಂತ ಕಾಯೋದೇ ತಪ್ಪು. ಆದರೂ ಕೈಕೊಟ್ಟರೆ ರವೆ ಇಡ್ಲಿ, ಅದಕ್ಕೆ ಹುದುಗು ಬೇಡ. ಹುರಿದ ರವೆ ಡಬ್ಬಿಯಲ್ಲಿರಲಿ, ಮೊಸರು ಹಾಕಿ 15 ನಿಮಿಷ ನೆನೆಸಿ, ಸೋಡ ಹಾಕಿದ ಕೂಡಲೇ ಬೇಯಿಸಿ. ಸೋಡ ಹಾಕಿ ಕಾಯಿಸಿದರೆ ಗಾಳಿ ಹೋಗಿ ಚಪ್ಪಟೆ.

ಪಾಳಿಗಡಿಯಾರ:

ಅತ್ತೆಯವರು ಹಗಲಿಡೀ ಚಿಕ್ಕವನನ್ನ ನೋಡಿಕೊಂಡಿರ್ತಾರೆ ಅನ್ನೋದು ಮರೀಬೇಡಿ. ಸಂಜೆಯ ನಿಮ್ಮ 40 ನಿಮಿಷವನ್ನೂ ಅವರ ಮೇಲೆ ಹಾಕಿದರೆ ಒಂದು ಹೆಂಗಸಿನ ಬಿಡುವನ್ನ ಕಿತ್ತು ಇನ್ನೊಬ್ಬರಿಗೆ ಕೊಟ್ಟ ಹಾಗೆ. ಮಂಡಿನೋವಿನವರಿಗೆ ಎತ್ತೋದು, ಸ್ನಾನ ಮಾಡಿಸೋದು, ಹಿಂದೆ ಓಡೋದು ಬೇಡ. ಕೂತು ಮಾಡೋದು ಕೇಳಿ: ಅವರೆಕಾಯಿ ಬಿಡಿಸೋದು, ಸೊಪ್ಪು ಸೋಸೋದು, ದೊಡ್ಡವಳಿಗೆ ಮಗ್ಗಿ ಒಪ್ಪಿಸಿಕೊಳ್ಳೋದು. ಮಾತು ಹೇಗೆ ತೆಗೆಯೋದು ಅಂದ್ರೆ, ನಿಮ್ಮ ಬದಲು ಅವರ ಮಗ ಹೇಳಲಿ. "ಅಮ್ಮಾ, 6.45ರಿಂದ ಮಕ್ಕಳು ನನ್ನ ಡ್ಯೂಟಿ" ಅಂತ ಮಗನೇ ಅಂದರೆ ಅರ್ಧ ಗೊಣಗಾಟ ಹುಟ್ಟೋದೇ ಇಲ್ಲ. ಅವರಿಗೂ ವಾರಕ್ಕೆ ಒಂದು ಸಂಜೆ ಪಟ್ಟಿಯಲ್ಲಿ ಬರೆಯಿರಿ, ದೇವಸ್ಥಾನವೋ ಭಜನೆಯೋ.

ಲೆಕ್ಕದಪುಸ್ತಕ:

ಚಿಕ್ಕವನದು. ಮೂರರಿಂದ ನಾಲ್ಕು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ಸಾಕು. ಹಗಲು 4ರ ತನಕ ಮಲಗಿದರೆ ರಾತ್ರಿ ನಿದ್ದೆಯ ಒತ್ತಡ ಕೂಡೋಕೆ ಆರು ಗಂಟೆಯಾದರೂ ಬೇಕು, ಅದಕ್ಕೇ 10.30. ಮಲಗೋ ಹೊತ್ತನ್ನ ಎಳೆಯೋಕೆ ಹೋಗಬೇಡಿ, ಏಳೋ ಹೊತ್ತನ್ನ ಎಳೆಯಿರಿ. ಮಧ್ಯಾಹ್ನ 12.45ಕ್ಕೆ ಮಲಗಿಸಿ 2.15ಕ್ಕೆ ಎಬ್ಬಿಸೋದು ಗುರಿ. ಒಮ್ಮೆಗೇ ಬೇಡ, ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ. ಪರದೆ ಸರಿಸಿದರೆ ಸಾಕು, ಬೆಳಕಿಗೇ ಏಳ್ತಾನೆ. 4ರಿಂದ 2.15ಕ್ಕೆ ಬರೋಕೆ ಸುಮಾರು ಮೂರು ವಾರ. ಮಧ್ಯೆ ಮದುವೆ, ಜ್ವರ ಬಂದರೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರು. ರಾತ್ರಿ 9ರ ಒಳಗೆ ಮಲಗಿದರೆ 2-10 ಪಾಳಿಯ ವಾರದಲ್ಲಿ ನಿಮಗೂ ಒಂದು ಗಂಟೆ ನಿದ್ದೆ ಹೆಚ್ಚು.

ಮತ್ತೆ, ಆ 40 ನಿಮಿಷದಲ್ಲಿ ಶ್ರುತಿಗೆ ಫೋನ್ ಬಳಸ್ತೀರಾದರೆ ಫ್ಲೈಟ್ ಮೋಡಿಗೆ ಹಾಕಿ. ಶ್ರುತಿ ಆ್ಯಪಿಗೆ ಇಂಟರ್ನೆಟ್ ಬೇಡ.

ಬಿರಡೆ:

ಎಲ್ಲರೂ ಹೊತ್ತಿನ ಬಗ್ಗೆ ಹೇಳಿದ್ರು, ವಾದ್ಯದ ಬಗ್ಗೆ ಯಾರೂ ಹೇಳಲಿಲ್ಲ. ಏಳು ವರ್ಷ ಗವಸಿನಲ್ಲಿದ್ದ ವೀಣೆಯನ್ನ ಮೊದಲ ದಿನವೇ ಶ್ರುತಿಗೇರಿಸಿದರೆ ತಂತಿ ಮುಖಕ್ಕೆ ಹೊಡೆಯುತ್ತೆ. ನುಡಿಸುವ ನಾಲ್ಕು ತಂತಿ, ಮೂರು ತಾಳದ ತಂತಿ, ಏಳನ್ನೂ ಬದಲಾಯಿಸಿ. ತುಕ್ಕು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತೆ. ಹೊಸ ತಂತಿಯನ್ನ ಎರಡು ಮೂರು ದಿನ ಸ್ವಲ್ಪ ಸ್ವಲ್ಪವೇ ಏರಿಸಿ. ತಂತಿ ಬಿಗಿಯುವ ಬಿರಡೆ ಜಾರಿದರೆ ಸೀಮೆಸುಣ್ಣದ ಪುಡಿ ಸವರಿ.

ಆಮೇಲೆ ತಂತಿ ಒತ್ತುವ 24 ಮೆಟ್ಟಿಲನ್ನೂ ಒಂದೊಂದಾಗಿ ಮೀಟಿ ನೋಡಿ. ಎಲ್ಲಾದರೂ ಗರಗರ ಅಂದರೆ, ಅಕ್ಕಪಕ್ಕದ ಎರಡು ಮೆಟ್ಟಿಲು ಒಂದೇ ಸ್ವರ ಹೇಳಿದರೆ, ಮೆಟ್ಟಿಲು ಕೂರಿಸಿದ ಮೇಣ ಸರಿದಿದೆ ಅಂತ ಅರ್ಥ. ಮನೆಯಲ್ಲಿ ಬಿಸಿ ಮಾಡಿ ಒತ್ತೋಕೆ ಹೋಗಬೇಡಿ, ಮೇಳ ಕಟ್ಟುವವರ, ಅಂದರೆ ಮೆಟ್ಟಿಲು ಕೂರಿಸಿಕೊಡುವವರ, ಹತ್ತಿರ ಕೊಡಿ. ಮೈಸೂರಿನಲ್ಲಿದ್ದೀರಿ, ವೀಣೆ ಮಾಡುವವರಿಗೆ ಕೊರತೆಯಿಲ್ಲ. ಇದನ್ನ ಪಟ್ಟಿ ಶುರು ಮಾಡೋ ಮೊದಲೇ ಮುಗಿಸಿ. ಸಿಕ್ಕ ಮೊದಲ ವಾರದ 40 ನಿಮಿಷವೆಲ್ಲ ರಿಪೇರಿಗೆ ಹೋದರೆ ಮನೆಯವರಿಗೂ ನಿಮಗೂ ಇದು ಆಗೋ ಮಾತಲ್ಲ ಅನ್ನಿಸಿಬಿಡುತ್ತೆ.

ಮೊದಲ ಎರಡು ವಾರ 40 ನಿಮಿಷ ನುಡಿಸಬೇಡಿ. ಎಡಗೈ ತೋರುಬೆರಳು, ನಡುಬೆರಳಿನ ಕಾಯಿಕಟ್ಟು (ಗಟ್ಟಿ ಚರ್ಮ) ಹೋಗಿರುತ್ತೆ, ಸ್ವರ ತೂಗಿಸೋ ಗಮಕಕ್ಕೆ ತಂತಿ ಎಳೆದರೆ ಗಾಯವಾಗಿ ನಾಲ್ಕು ದಿನ ಕೂರಬೇಕಾಗುತ್ತೆ. 15 ನಿಮಿಷ ಸರಳೆ, ಅಲಂಕಾರದಂಥ ಮೊದಲ ಪಾಠಗಳು, ವಿಳಂಬದಲ್ಲಿ. ಉಳಿದ ಹೊತ್ತು ತಂತಿ ಮುಟ್ಟದೆ ಹಿಂದೆ ಕಲಿತ ವರ್ಣವನ್ನ (ಅಭ್ಯಾಸದ ರಚನೆ) ಸ್ವರ ಸಮೇತ ಹಾಡಿಕೊಳ್ಳಿ, ನೆನಪು ಬರೋದು ಬಾಯಿಂದಲೇ. ಬೆರಳಿಗೆ ಕೊಬ್ಬರಿ ಎಣ್ಣೆ ಅದ್ದಿದ ಹತ್ತಿ ಪಕ್ಕದಲ್ಲಿರಲಿ. ಮೂರನೇ ವಾರದಿಂದ ಶ್ರುತಿ 5, ಅಲಂಕಾರ ಮೂರು ಕಾಲದಲ್ಲಿ (ವೇಗದಲ್ಲಿ) 10, ವರ್ಣ 15, ಮನಸ್ಸಿಗೆ ಬಂದದ್ದು 10.

ಶ್ರುತಿಗೆ ಹತ್ತು ನಿಮಿಷ ಬೇಕು ಅಂದ್ರಲ್ಲ, ದಿನಾ ನುಡಿಸೋ ವೀಣೆಗೆ ಮೂರು ಸಾಕು. ತೆಗೆದು, ಗವಸು ಬಿಚ್ಚಿ, ಚಾಪೆ ಹಾಸೋದಕ್ಕೇ ಮಿಕ್ಕಿದ್ದು ಹೋಗ್ತಿದೆ. ಮಲಗೋ ಕೋಣೆಯ ಮೂಲೆಯಲ್ಲಿ ಚಾಪೆ ಸಮೇತ ಹಾಸಿಯೇ ಇರಲಿ, ಮೇಲೊಂದು ಹತ್ತಿ ಬಟ್ಟೆ. ಬಿಸಿಲು ಬೀಳೋ ಕಿಟಕಿ ಬೇಡ, ಮೇಣ ಮೆತ್ತಗಾಗುತ್ತೆ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. 3 ವರ್ಷದವನು ಬಿರಡೆ ತಿರುಗಿಸದೆ ಬಿಡಲ್ಲ, ಆ ಕೋಣೆಗೆ ಅವನ ಕೈಗೆ ಎಟುಕದ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ.

ಸಂಜೆಮಲ್ಲಿಗೆ:

ಮೀಟಿ ನೋಡಿದೆ, ಮಧ್ಯಸ್ಥಾಯಿಯ ಪಂಚಮ, ಧೈವತದ ಹತ್ತಿರ ಗರಗರ. ಶನಿವಾರ ಮೇಳಕ್ಕೆ ಕೊಡ್ತೀನಿ. ಅವರದ್ದು ಮುಂದಿನ ವಾರ 2-10 ಪಾಳಿ, ಅಂದರೆ ಪಟ್ಟಿ ಬೆಳಗ್ಗೆಯಿಂದಲೇ ಶುರುವಾಗುತ್ತೆ. ವೀಣೆ ಬರೋ ತನಕ ಆ ಹೊತ್ತು ಖಾಲಿ ಬಿಡಲಾ?

ಪಾಳಿಗಡಿಯಾರ:

ಬೇಡ. ವೀಣೆ ಇಲ್ಲದಿದ್ದರೂ 6.45ಕ್ಕೆ ಕೋಣೆಗೆ ಹೋಗಿ ಚಿಲಕ ಹಾಕಿ. ಹಾಡಿಕೊಳ್ಳಿ, ಇಲ್ಲಾ ಸುಮ್ಮನೆ ಕೂತಿರಿ. ಮೊದಲ ವಾರ ಅಭ್ಯಾಸ ಆಗಬೇಕಾಗಿರೋದು ಹೊರಗಿರುವವರಿಗೆ.